ಜಯಂತಿ ಪ್ಲಗ್ ಎಳೆಯುವ ಹಿಂದಿನ ದಿನ

ಒಂದು ಉದ್ದ, ಎರಡು ಗಿಡ್ಡ. ಮತ್ತೆ ಒಂದು ಉದ್ದ, ಎರಡು ಗಿಡ್ಡ. ನನ್ನ ಗಂಡನ ಕೋಣೆಯ ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆ ಹಾಗೆ ಬೀಪ್ ಬೀಪ್ ಎಂದು ಕೂಗುತ್ತಿತ್ತು. ನಾನು ಎದ್ದು ಹೋಗಿ ಕಂಪ್ಯೂಟರಿನಲ್ಲಿ ‘ಡಿಸ್ಮಿಸ್’ ಎಂದಿರುವಲ್ಲಿ ಒತ್ತುತ್ತಿದ್ದೆ. ಕೂಗು ನಿಲ್ಲುತ್ತಿತ್ತು. ಹಾಗೆ ಒತ್ತಿ ಒತ್ತಿ ನಾನು ಒಬ್ಬ ಸತ್ತ ಮನುಷ್ಯನ ಸ್ವರವನ್ನು ಕಳೆದೆ — ಅವನ ಹೆಂಡತಿ ನನ್ನನ್ನು ನಂಬಿ ಕೊಟ್ಟಿದ್ದ ಸ್ವರವನ್ನು. ಕಳೆದ ಮೇಲೆ, ಕಳೆದವಳು ನೀನೇ ಎಂದು ಅವಳಿಗೇ ಹೇಳಿದೆ. ಅವಳು ನಂಬಿದಳು. ಐದು ವರ್ಷ ನಂಬಿದಳು.

ಅವಳ ಹೆಸರು ಜಯಂತಿ. ನನ್ನ ಹೆಸರೂ ಇಲ್ಲಿ ಇರಬೇಕು — ಜೂಲಿಯಾನಾ. ಕಾನ್ವೆಂಟಿನಲ್ಲಿ ಕಲಿತು, ಕಾನ್ವೆಂಟಿನಲ್ಲೇ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು. ನಾವು ಚಿಕ್ಕವರಿರುವಾಗ ಕ್ಲಾಸಿನಲ್ಲಿ ಯಾರಾದರೂ ತಪ್ಪು ಮಾಡಿದರೆ ಸಿಸ್ಟರ್ ಕರಿಹಲಗೆಗೆ ಬೆನ್ನು ಕೊಟ್ಟು ನಿಂತು, ‘ಓನ್ ಅಪ್, ಗರ್ಲ್ಸ್’ — ಮಾಡಿದವರು ಒಪ್ಪಿಕೊಳ್ಳಿ — ಎನ್ನುತ್ತಿದ್ದರು. ಮುಂದೆ ನಾನೂ ನನ್ನ ಕ್ಲಾಸಿನ ಮಕ್ಕಳಿಗೆ ಅದನ್ನೇ ಹೇಳಿದೆ. ಎಷ್ಟೋ ಪುಟ್ಟ ಕೈಗಳನ್ನು ಮೇಲೆತ್ತಿಸಿದ್ದೇನೆ. ನನ್ನ ಕೈ ಮಾತ್ರ —

ಇರಲಿ. ಮೊದಲು ಆ ಪೆಟ್ಟಿಗೆಯ ವಿಷಯ.

ನನ್ನ ಗಂಡ ಹಿಲರಿ ಗಲ್ಫಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ನಿವೃತ್ತನಾಗಿ ಶಂಕರಪುರದ ಮನೆಗೆ ಬಂದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಕೇಕಿನ ಡಬ್ಬದಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಮೇಜಿನ ಪಕ್ಕ ಇಟ್ಟ. ಹೋಮ್ ಸರ್ವರ್ ಎಂದ. ಒಳಗೆ ಎರಡು ಡಿಸ್ಕ್. ಫೋಟೋ, ಕಾಗದ, ಏನೇ ಇಟ್ಟರೂ ಎರಡರಲ್ಲೂ ಒಂದೊಂದು ಪ್ರತಿ. ಒಂದು ಡಿಸ್ಕ್ ಕೆಟ್ಟರೆ ಪೆಟ್ಟಿಗೆ ಕೂಗಿ ಹೇಳುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಕಾರಣವನ್ನೂ ಬರೆದು ತೋರಿಸುತ್ತದೆ. ಕೆಟ್ಟದ್ದನ್ನು ತೆಗೆದು ಹೊಸದು ಹಾಕಿದರೆ ಮತ್ತೆ ಎರಡು ಪ್ರತಿ. ಅಷ್ಟೇ. ಮನೆಯಲ್ಲಿ ಎರಡು ಬೀಗದ ಕೈ ಇಟ್ಟುಕೊಂಡ ಹಾಗೆ. ನನಗೆ ಅರ್ಥವಾಗಲಿಲ್ಲ ಎಂದು ಹೇಳಲು ಅದರಲ್ಲಿ ಏನೂ ಇಲ್ಲ.

ಜಯಂತಿ ಕಾಪುವಿನ ಮೀನುಗಾರರ ಮನೆಯ ಹೆಣ್ಣು. ಮದುವೆಯಾಗಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಬಂದು ಇದ್ದವಳು. ಬೆಳಿಗ್ಗೆ ಬೇಗ ಬಂದು ನಮ್ಮ ಹಿತ್ತಿಲಿನ ಮಲ್ಲಿಗೆ ಮೊಗ್ಗು ಕೊಯ್ಯುವಳು. ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಹೂವಿನವನು ಬರುವ ಮೊದಲು ಮುಗಿಸಿ, ಆಮೇಲೆ ಮನೆ ಗುಡಿಸಿ ಒರೆಸುವಳು. ನಮ್ಮಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದಳು, ಹಿಲರಿಯನ್ನು ಪೊರ್ಬುಗಳು. ಅವಳ ಗಂಡ ಸುಧಾಕರ ಬೋಟಿಗೆ ಹೋಗುತ್ತಿದ್ದ. ಒಂದು ದಿನ ಬೋಟಿನಲ್ಲೇ ಎದೆನೋವು ಬಂದು ದಡ ಮುಟ್ಟುವ ಮೊದಲೇ ತೀರಿಕೊಂಡ.

ಉಳಿದದ್ದು ಅವನು ಅವಳ ಫೋನಿಗೆ ಕಳಿಸಿದ್ದ ವಾಯ್ಸ್ ಮೆಸೇಜ್‌ಗಳು. ದಡ ಹತ್ತಿರವಾಗಿ ನೆಟ್‌ವರ್ಕ್ ಸಿಕ್ಕಿದ ಕೂಡಲೇ ತುಳುವಿನಲ್ಲಿ ಮಾತಾಡಿ ಕಳಿಸುತ್ತಿದ್ದ. ದೊಡ್ಡ ಮಾತೇನೂ ಅಲ್ಲ. ‘ಜಯಾ, ಬಂಗುಡೆ ಉಂಟು, ಮಸಾಲೆ ಅರೆದಿಡು. ನಿನ್ನ ಅಣ್ಣ ಬಂದಿದ್ದರೆ ಸಾರಿಗೆ ನೀರು ಜಾಸ್ತಿ ಹಾಕು.’ ಹಿಂದಿನಿಂದ ಗಾಳಿ, ಎಂಜಿನಿನ ಶಬ್ದ, ಯಾರದೋ ನಗು. ಒಂದರಲ್ಲಿ ಮಗಳು ರಶ್ಮಿಯ ಪರೀಕ್ಷೆ ಹೇಗಾಯಿತೆಂದು ಕೇಳುತ್ತಾನೆ, ಉತ್ತರಕ್ಕೆ ಕಾಯುವವನ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ನೋಡಿ, ನನಗೆ ಎಲ್ಲ ನೆನಪುಂಟು. ನೆನಪಿದ್ದು ಏನು ಪ್ರಯೋಜನ. ನನ್ನ ನೆನಪಿನಲ್ಲಿ ಅವನ ಸ್ವರ ಇಲ್ಲ, ಮಾತು ಮಾತ್ರ ಇದೆ.

ಆ ಫೋನ್ ಹಾಳಾಗುತ್ತ ಬಂದಿತ್ತು. ಜಯಂತಿ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಹಿಲರಿಗೆ ಕೊಟ್ಟಳು. ಅವನು ಇಡೀ ಬೆಳಿಗ್ಗೆ ಕುಳಿತು ಒಂದೊಂದನ್ನೇ ಪೆಟ್ಟಿಗೆಗೆ ಹಾಕಿದ.

“ಇದರೊಳಗಿಂದ ಕಾಣೆಯಾಗುವುದಿಲ್ಲ ಅಲ್ವಾ ಪೊರ್ಬುಗಳೇ?”

“ನಾನು ಕಾಣೆಯಾದೇನು, ಇದು ಆಗುವುದಿಲ್ಲ ಮಾರಾಯ್ತಿ. ಈಗ ನಿನ್ನ ಗಂಡ ಒಬ್ಬನಲ್ಲ, ಇಬ್ಬರು.”

“ಒಬ್ಬರನ್ನು ಸುಧಾರಿಸುವುದೇ ಕಷ್ಟ ಇತ್ತು” ಎಂದು ಅವಳು ಅಳುತ್ತಲೇ ನಕ್ಕಳು.

ಆ ಹಳೆಯ ಫೋನನ್ನೂ ಇಟ್ಟುಕೊಳ್ಳುತ್ತೇನೆ ಎಂದಳು. ಬೇಡ ಎಂದವಳು ನಾನು. “ಆ ಡಬ್ಬ ಇಟ್ಟು ಎಂತ ಮಾಡ್ತಿ? ಬ್ಯಾಟರಿ ಉಬ್ಬಿದೆ, ಬೆಂಕಿ ಹಿಡಿದೀತು. ಹೊಸದು ತಗೊಳ್ಳುವಾಗ ಅಂಗಡಿಯವನಿಗೆ ಕೊಟ್ಟುಬಿಡು. ಇಲ್ಲಿ ಸೇಫ್ ಉಂಟು. ಮೈ ರೆಸ್ಪಾನ್ಸಿಬಿಲಿಟಿ — ನನ್ನ ಜವಾಬ್ದಾರಿ.” ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಟೀಚರ್ ಅಲ್ಲವೇ ನಾನು. ಅವಳು ಕೊಟ್ಟುಬಿಟ್ಟಳು. ಹೊಸ ಫೋನಿನಲ್ಲಿ ಹಳೆಯದೇನೂ ಬರಲಿಲ್ಲ.

ಅಲ್ಲಿಂದ ಪ್ರತಿ ಶನಿವಾರ ಕೆಲಸ ಮುಗಿಸಿ, ಕೈಕಾಲು ತೊಳೆದು, ಅವಳು ಹಿಲರಿಯ ಕೋಣೆಗೆ ಬರುವಳು. ಕುರ್ಚಿ ಕೊಟ್ಟರೂ ನೆಲದ ಮೇಲೆಯೇ ಕೂರುವಳು. ಅವನು ಎರಡೋ ಮೂರೋ ಹಾಕುವನು. ಕೇಳಿ ಎದ್ದು ಹೋಗುವಳು. ಮರುವರ್ಷ ಹಿಲರಿ ಹೋದ. ಆಮೇಲೆ ಹಾಕುವವಳು ನಾನಾದೆ.

ಹಿಲರಿ ಒಂದು ನೋಟ್‌ಬುಕ್ ಬಿಟ್ಟುಹೋಗಿದ್ದ. ಮನೆಯ ಪಂಪು, ಇನ್ವರ್ಟರು, ಗ್ಯಾಸು — ಒಂದೊಂದಕ್ಕೂ ಒಂದು ಪುಟ. ಪೆಟ್ಟಿಗೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ: ಬೀಪ್ ಬಂದರೆ ಅಸಡ್ಡೆ ಮಾಡಬೇಡ ಜೂಲಿ. ಮಣಿಪಾಲದ ಅಂಗಡಿಗೆ ಫೋನ್ ಮಾಡು. ಡಿಸ್ಕ್ ಬದಲಿಸು. ದಟ್ಸ್ ಆಲ್. ಅದನ್ನು ಓದಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸತ್ತ ಮೇಲೂ ಹೋಮ್‌ವರ್ಕ್ ಕೊಟ್ಟು ಹೋದನಲ್ಲ ಎಂದು.

ಮೊದಲ ಬೀಪ್ ಬಂದದ್ದು ಅವನು ಹೋದ ಮೇಲೆ ಆರೇಳು ತಿಂಗಳಿಗೆ. ಪರದೆಯಲ್ಲಿ ಹಳದಿ ಅಕ್ಷರ. ಒಂದು ಡಿಸ್ಕಿನಲ್ಲಿ ದೋಷ ಕಾಣುತ್ತಿದೆ ಎಂದು. ಕೆಳಗೆ ‘ಡಿಸ್ಮಿಸ್’. ಒತ್ತಿದೆ. ಎರಡು ವಾರ ಬಿಟ್ಟು ಮತ್ತೆ. ಒತ್ತಿದೆ. ಆಮೇಲೆ ಕೆಂಪು ಅಕ್ಷರ — ಒಂದು ಡಿಸ್ಕ್ ಸತ್ತಿದೆ, ಸ್ಥಿತಿ ‘ಡಿಗ್ರೇಡೆಡ್’, ಅಂದರೆ ಕುಸಿದಿದೆ, ಕೂಡಲೇ ಬದಲಿಸಿ. ಆ ಪದವನ್ನು ಎಂಟನೆಯ ಕ್ಲಾಸಿಗೆ ಅರ್ಥಸಹಿತ ಬರೆಸಿದವಳು ನಾನು. ಒತ್ತಿದೆ. ಪ್ರಾರ್ಥನೆಯ ಮಧ್ಯೆ ಕೂಗಿದರೆ ಒತ್ತಿದೆ, ಟಿವಿ ನೋಡುವಾಗ ಕೂಗಿದರೆ ಒತ್ತಿದೆ. ಕಣ್ಣು ತೋರಿಸಲು ಮಣಿಪಾಲಕ್ಕೆ ಎರಡು ಸಲ ಹೋದೆ. ಬಸ್ಸಿನಿಂದ ಇಳಿದದ್ದು ಆ ಅಂಗಡಿಯ ಎದುರೇ. ಬೋರ್ಡನ್ನು ಓದಿದೆ. ಹೋಗಲಿಲ್ಲ.

ಏಕೆ ಎಂದು ಕೇಳಿಕೊಂಡಿದ್ದೇನೆ. ಅಂಗಡಿಯವನು ಬಂದು ಹಿಲರಿಯ ಕುರ್ಚಿಯಲ್ಲಿ ಕೂತರೆ ನನಗೆ ತಡೆಯಲಿಕ್ಕಾಗದು ಎಂದು ಒಂದು ಕಾರಣ ಮಾಡಿಟ್ಟುಕೊಂಡಿದ್ದೆ, ಬಹಳ ಟಚಿಂಗ್ ಕಾರಣ. ಕೇಳಿದವರ ಕಣ್ಣು ಒದ್ದೆಯಾದೀತು. ಸುಳ್ಳು. ಗ್ಯಾಸಿನವನು ಆ ಕುರ್ಚಿಯಲ್ಲಿ ಕೂತು ರಸೀದಿ ಬರೆದಿದ್ದಾನೆ, ನನಗೆ ಏನೂ ಆಗಿಲ್ಲ. ನಿಜ ಹೇಳುತ್ತೇನೆ: ಆ ಪೆಟ್ಟಿಗೆಯಲ್ಲಿ ನನ್ನದು ಅಂತ ಕಳೆದುಕೊಳ್ಳುವಂಥದು ಏನೂ ಇರಲಿಲ್ಲ. ನಮ್ಮ ಫೋಟೋಗಳೆಲ್ಲ ಆಲ್ಬಮ್ಮಿನಲ್ಲಿ ಅಂಟಿಸಿ ಕಪಾಟಿನಲ್ಲಿ ಇದ್ದವು. ಇದ್ದದ್ದು ಜಯಂತಿಯದು. ಕೆಲಸದವಳದು. ಹಾಗೆಂದು ಆಗ ಮನಸ್ಸಿನಲ್ಲಿ ಅಂದುಕೊಂಡೆನೇ? ಇಲ್ಲ. ಅಂದುಕೊಳ್ಳಬೇಕಾದ ಅಗತ್ಯವೇ ಬೀಳಲಿಲ್ಲ, ಅಷ್ಟು ಸಹಜವಾಗಿತ್ತು ಅದು. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಕೋಪ.

ಮೇ ತಿಂಗಳ ಒಂದು ಗುರುವಾರ, ಮಧ್ಯಾಹ್ನ, ಪೆಟ್ಟಿಗೆ ನಿಲ್ಲದೆ ಕೂಗಿತು. ಎರಡನೆಯ ಡಿಸ್ಕೂ ಹೋಗಿತ್ತು. ಪರದೆಯಲ್ಲಿ ಹಾಗೆಂದೇ ಬರೆದಿತ್ತು. ಹಿಲರಿ ‘ಜಯಂತಿ’ ಎಂದು ಹೆಸರಿಟ್ಟಿದ್ದ ಫೋಲ್ಡರನ್ನು ಹುಡುಕಿದೆ. ಫೋಲ್ಡರೇ ಇರಲಿಲ್ಲ. ಆ ಅಲರ್ಟನ್ನೂ ಡಿಸ್ಮಿಸ್ ಒತ್ತಿ ಹೊರಗೆ ಬಂದು ಕೂತೆ. ನಾಡಿದ್ದು ಶನಿವಾರ. ಅವಳು ಬಂದು ನೆಲದ ಮೇಲೆ ಕೂರುತ್ತಾಳೆ. ಏನು ಹೇಳಲಿ? ನಿಜ ಹೇಳುವುದೊಂದನ್ನು ಬಿಟ್ಟು ಬೇರೆ ಎಲ್ಲವನ್ನೂ ಯೋಚಿಸಿದೆ.

ಮರುದಿನ, ಶುಕ್ರವಾರ, ಹನ್ನೊಂದು ಗಂಟೆಗೆ ಗುಡುಗು ಶುರುವಾಯಿತು. ನಮ್ಮ ಕಡೆ ಗುಡುಗು ಕೇಳಿದರೆ ಹೆಂಗಸರು ಮೊದಲು ಓಡುವುದು ಒಣಗಿದ ಬಟ್ಟೆ ತೆಗೆಯಲಿಕ್ಕಲ್ಲ, ಪ್ಲಗ್ ತೆಗೆಯಲಿಕ್ಕೆ. ಟಿವಿ, ಫ್ರಿಜ್, ಮಿಕ್ಸಿ, ಒಂದನ್ನೂ ಬಿಡುವುದಿಲ್ಲ. ಸಿಡಿಲಿಗೆ ಫ್ರಿಜ್ ಸುಟ್ಟುಹೋದ ಮನೆ ಪ್ರತಿ ಊರಲ್ಲೂ ಉಂಟು. ಹಿಲರಿಯ ಪೆಟ್ಟಿಗೆಯ ಪ್ಲಗ್ ಮಾತ್ರ ಹಾಗೆ ಎಳೆಯಬಾರದು, ಮೊದಲು ಅದನ್ನು ಕ್ರಮದಲ್ಲಿ ಆರಿಸಬೇಕು. ಅವನು ಚೀಟಿಯೊಂದನ್ನು ಅಂಟಿಸಿದ್ದ — ‘ಡೋಂಟ್ ಪುಲ್’ ಎಂದು, ಇಂಗ್ಲಿಷಿನಲ್ಲಿ. ಮನೆಯಲ್ಲಿ ಇಂಗ್ಲಿಷ್ ಓದಲು ಬಾರದವಳು ಒಬ್ಬಳೇ. ದಿನಾ ಆ ಕೋಣೆ ಗುಡಿಸುವವಳೂ ಅವಳೇ. ಹಿಲರಿಗಾಗಲಿ ನನಗಾಗಲಿ ಅದು ಹೊಳೆದಿರಲಿಲ್ಲ.

ನಾನು ಅಡುಗೆಮನೆಯಲ್ಲಿದ್ದೆ. ಜಯಂತಿ ಕೋಣೆಕೋಣೆಗೂ ಓಡಿ ಬಂದು, ಏದುಸಿರು ಬಿಡುತ್ತ, ಒಳ್ಳೆಯ ಕೆಲಸ ಮಾಡಿದವಳ ಮುಖದಲ್ಲಿ ಹೇಳಿದಳು: “ಎಲ್ಲ ತೆಗೆದೆ ಬಾಯಮ್ಮ. ಪೊರ್ಬುಗಳ ಪೆಟ್ಟಿಗೆಯದ್ದೂ ತೆಗೆದೆ. ಇವರು ಉಂಟಲ್ಲ ಅದರಲ್ಲಿ.”

ಆ ಕ್ಷಣವನ್ನು ನಾನು ನಿಧಾನವಾಗಿ ಬರೆಯಬೇಕು. ಯಾಕೆಂದರೆ ಅದು ಬಾಯಿ ತಪ್ಪಿ ಬಂದ ಮಾತಲ್ಲ. ನನಗೆ ಯೋಚಿಸಲು ಸಮಯ ಇತ್ತು. ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಕೈ ಒರೆಸಿಕೊಂಡೆ. ಒಂದು ದಾರಿ ತೆರೆಯಿತು ಎಂದು ಮನಸ್ಸು ಹಗುರವಾದದ್ದೂ ಗೊತ್ತಾಯಿತು — ಹೌದು, ಹಗುರವಾಯಿತು. ಆಮೇಲೆ ಹೇಳಿದೆ:

“ಅಯ್ಯೋ ಜಯಂತಿ. ಎಂತ ಮಾಡಿದೆ ನೀನು.”

ಮರುದಿನ ಪೆಟ್ಟಿಗೆ ಹಾಕಿ ತೋರಿಸಿದೆ. ನೋಡು, ಏನೂ ಇಲ್ಲ, ಪ್ಲಗ್ ಎಳೆದದ್ದಕ್ಕೆ ಹೀಗಾಯಿತು ಎಂದೆ. ಅವಳು ಎಂದಿನಂತೆ ನೆಲದ ಮೇಲೆ ಕೂತಿದ್ದಳು. ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಕೇಳಿದ್ದು ಏನು ಗೊತ್ತೇ?

“ನಿಮ್ಮ ಮದುವೆಯ ಫೋಟೋ ಕೂಡ ಇತ್ತಲ್ಲ ಬಾಯಮ್ಮ ಅದರಲ್ಲಿ?”

“ಇತ್ತು” ಎಂದೆ. ಆಲ್ಬಮ್ ಇದ್ದ ಕಪಾಟಿಗೆ ನಾನು ಒರಗಿ ನಿಂತಿದ್ದೆ.

ಅವಳು ನನ್ನ ಕಾಲು ಹಿಡಿಯಲು ಬಗ್ಗಿದಳು. ನಾನು ಭುಜ ಹಿಡಿದು ಎಬ್ಬಿಸಿ, “ಇರಲಿ, ನೀನು ಬೇಕೆಂದು ಮಾಡಿದ್ದಲ್ಲ” ಎಂದೆ. ಅವಳನ್ನು ಕ್ಷಮಿಸಿದೆ. ಸುಳ್ಳು ಹೇಳಿದ್ದು, ಡಿಸ್ಮಿಸ್ ಒತ್ತಿದ್ದು — ಅವೆಲ್ಲ ಒಂದು ತೂಕವಾದರೆ ಇದು ಇನ್ನೊಂದು. ನಾನು ಅವಳನ್ನು ಕ್ಷಮಿಸಿದೆ! ಅವಳ ಬೆನ್ನು ಸವರಿದೆ. ಕಾಫಿ ಮಾಡಿ ಕೊಟ್ಟೆ. ಈ ವಾಕ್ಯ ಬರೆಯುವಾಗ ನನ್ನ ಕೈಗೆ ನಾನೇ ಹೊಡೆಯಬೇಕೆನಿಸುತ್ತದೆ.

ಆ ವಾರವೇ ಎರಡೂ ಡಿಸ್ಕುಗಳನ್ನು ಹೊರಗೆ ತೆಗೆಸಿ ಗುಜರಿಯವನಿಗೆ ಕೊಟ್ಟೆ. ಖಾಲಿ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟೆ.

ಸುಮ್ಮನಾದರೂ ಇರಬಹುದಿತ್ತು. ಇರಲಿಲ್ಲ. ಚರ್ಚಿನ ಹೆಂಗಸರ ಕೂಟದಲ್ಲಿ ಹೇಳಿದೆ, ನೆರೆಮನೆಯಲ್ಲಿ ಹೇಳಿದೆ, ಹೂ ಕಟ್ಟುವ ಹೆಂಗಸರ ನಡುವೆ ಹೇಳಿದೆ. ಬೈದು ಅಲ್ಲ, ಕನಿಕರದಿಂದ. ‘ಪಾಪ, ಅವಳಿಗೆ ಗೊತ್ತಾಗಲಿಲ್ಲ. ಐ ಡೋಂಟ್ ಬ್ಲೇಮ್ ಹರ್.’ ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಕುಮ್ಸಾರಿಗೆ — ಪಾದ್ರಿಯವರ ಮುಂದೆ ಪಾಪ ಹೇಳಿಕೊಳ್ಳುವುದಕ್ಕೆ — ಹೋದಾಗ ‘ಒಂದು ಚಿಕ್ಕ ಸುಳ್ಳು ಹೇಳಿದೆ ಫಾದರ್’ ಎಂದೆ. ಪ್ರಾಯಶ್ಚಿತ್ತಕ್ಕೆ ಮೂರು ‘ನಮಾನ್ ಮರಿಯೆ’ ಪ್ರಾರ್ಥನೆ ಹೇಳಿ ಎಂದರು. ಹೇಳಿ ಮುಗಿಸಿದೆ. ಆ ಫಾದರ್ ಮೇಲೆ ನನಗೆ ಕೋಪ ಇಲ್ಲ. ಚಿಕ್ಕದು ಎಂದವಳು ನಾನು.

ಮಗಳು ರಶ್ಮಿ ಒಮ್ಮೆ ಒಬ್ಬಳೇ ನಮ್ಮ ಮನೆಗೆ ಬಂದಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಒಳಗೆ ಬರಲಿಲ್ಲ. “ಒಂದೂ ಉಳಿಯಲಿಲ್ವಾ ಬಾಯಮ್ಮ? ನನ್ನ ಪರೀಕ್ಷೆದ್ದು ಕೂಡ?” ಎಂದು ಮೆಟ್ಟಿಲಲ್ಲೇ ನಿಂತು ಕೇಳಿದಳು. ಇಲ್ಲ ಎಂದೆ. ಅವಳ ಮುಖ ಕಂಡು, “ನಿನ್ನ ಅಮ್ಮನಿಗೆ ಬೈಯಬೇಡ ಮಗಾ, ಅವಳಿಗೆ ತಿಳಿಯಲಿಲ್ಲ” ಎಂದು ಸೇರಿಸಿದೆ. ಅಲ್ಲಿಯವರೆಗೆ ಆ ಹುಡುಗಿಗೆ ಅಮ್ಮನ ಮೇಲೆ ಸಿಟ್ಟಿತ್ತೋ ಇಲ್ಲವೋ. ನಾನು ಹೇಳಿಕೊಟ್ಟೆ.

ಎರಡು ವರ್ಷದ ನಂತರ ರಶ್ಮಿಗೆ ಮದುವೆಯಾಗಿ, ಜಯಂತಿಯೂ ಅವಳ ಜೊತೆ ಕಾರ್ಕಳಕ್ಕೆ ಹೋದಳು. ಹೋಗುವಾಗಲೂ ಕೈ ಮುಗಿದು, “ನಿಮ್ಮ ಮನೆಗೆ ನನ್ನಿಂದ ನಷ್ಟ ಆಯ್ತು” ಎಂದಳು. ನಾನು ತಲೆಯಾಡಿಸಿ ಕಳಿಸಿದೆ.

ಈ ವರ್ಷ ನನ್ನ ತಂಗಿಯ ಮಗಳು ರೆನಿಟಾ ಬಂದಿದ್ದಳು. ನಲವತ್ತು ದಾಟಿದವಳು, ಮಣಿಪಾಲದಲ್ಲಿ ಲೈಬ್ರರಿಯ ಕೆಲಸ. ಅಂಕಲ್‌ನ ಪೆಟ್ಟಿಗೆ ಸುಮ್ಮನೆ ಧೂಳು ತಿನ್ನುತ್ತಿದೆಯಲ್ಲ, ಹೊಸ ಡಿಸ್ಕ್ ಹಾಕಿ ನಾನು ಬಳಸುತ್ತೇನೆ ಎಂದಳು. ಕೊಡುತ್ತೇನೆ ಎಂದೆ. ಅವಳು ಅದನ್ನು ಇಳಿಸಿ, ಒರೆಸಿ, ತಂತಿ ಜೋಡಿಸಿ ಚಾಲೂ ಮಾಡಿದಳು. ದೊಡ್ಡ ಡಿಸ್ಕುಗಳು ಹೋದರೂ ಪೆಟ್ಟಿಗೆಯ ಸ್ವಂತ ನೆನಪು ಬೇರೆ ಒಂದು ಚಿಕ್ಕ ಜಾಗದಲ್ಲಿ ಇರುತ್ತದಂತೆ. ನನಗದು ತಿಳಿದಿರಲಿಲ್ಲ. ಪರದೆ ಹೊತ್ತಿಕೊಂಡಿತು.

“ಅಬ್ಬಾ ಆಂಟಿ, ಎಷ್ಟು ಅಲರ್ಟ್. ಎಲ್ಲ ಡಿಸ್ಮಿಸ್ ಮಾಡಿದ್ದೇ. ಆದರೂ ಲಿಸ್ಟಿನಲ್ಲಿ ಕೂತಿವೆ ನೋಡಿ. ಇವನ್ನೆಲ್ಲ ಕ್ಲಿಯರ್ ಮಾಡಬೇಕು, ಟೀ ಕುಡಿದು ಮಾಡ್ತೇನೆ.” ಅವಳು ಅಡುಗೆಮನೆಗೆ ಹೋದಳು.

ಡಿಸ್ಮಿಸ್ ಎಂದರೆ ಹೋಯಿತು ಎಂದುಕೊಂಡಿದ್ದೆ ನಾನು. ಕ್ಲಾಸ್ ಡಿಸ್ಮಿಸ್ ಮಾಡಿದರೆ ಮಕ್ಕಳು ಮನೆಗೆ ಹೋಗುವ ಹಾಗೆ. ಇಲ್ಲಿ ಒಂದೂ ಹೋಗಿರಲಿಲ್ಲ. ಹದಿನೇಳು ಇದ್ದವು. ಒಂದರ ಕೆಳಗೊಂದು, ಬಂದ ದಿನ, ಗಂಟೆ, ನಿಮಿಷ. ಪಕ್ಕದಲ್ಲಿ ನಾನು ಡಿಸ್ಮಿಸ್ ಒತ್ತಿದ ಹೊತ್ತು. ಕೆಲವಕ್ಕೆ ಒಂದು ನಿಮಿಷ ಕೂಡ ಆಗಿರಲಿಲ್ಲ. ಎಲ್ಲಕ್ಕಿಂತ ಮೇಲೆ ಗುರುವಾರದ್ದು. ಶುಕ್ರವಾರದ್ದು ಎಂದು ಏನೂ ಇರಲಿಲ್ಲ. ಜಯಂತಿ ಪ್ಲಗ್ ಎಳೆದಾಗ ಆ ಪೆಟ್ಟಿಗೆಗೆ ಹೇಳಲಿಕ್ಕೆ ಏನೂ ಉಳಿದಿರಲಿಲ್ಲ, ಅದು ಆಗಲೇ ಎಲ್ಲ ಹೇಳಿ ಮುಗಿಸಿತ್ತು — ನನಗೆ, ಇಂಗ್ಲಿಷಿನಲ್ಲಿ, ಹದಿನೇಳು ಸಲ.

ಈಗ ನಾನು ಏನು ಮಾಡಿದೆ ಎಂದು ಕೇಳಿ. ಅಡುಗೆಮನೆಯಲ್ಲಿ ಕಪ್ಪಿನ ಸದ್ದು ಕೇಳುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಂಡು, ಮೌಸ್ ಹಿಡಿದು, ಒಂದೊಂದನ್ನೇ ಅಳಿಸಿದೆ. ಕೆಳಗಿನಿಂದ ಮೇಲಕ್ಕೆ. ಒಂದೊಂದಕ್ಕೂ ‘ಖಚಿತವೇ?’ ಎಂದು ಅದು ಕೇಳಿತು. ಒಂದೊಂದಕ್ಕೂ ‘ಎಸ್’ ಎಂದೆ. ಗುರುವಾರದ್ದನ್ನು ಕೊನೆಗೆ ಅಳಿಸಿದೆ. ‘ನೋ ಅಲರ್ಟ್ಸ್’ ಎಂದು ಬಂತು, ಬಿಳೀ ಪುಟ. ಇನ್ನು ಲೋಕದಲ್ಲಿ ಇದನ್ನು ಬಲ್ಲವರು ನಾನೊಬ್ಬಳೇ. ಎಷ್ಟು ಸುಲಭ ಇತ್ತು!

ರೆನಿಟಾ ಟೀ ಹಿಡಿದು ಬಂದು ಪರದೆ ನೋಡಿ ಹಿಗ್ಗಿದಳು. “ನೀವೇ ಕ್ಲಿಯರ್ ಮಾಡಿದ್ರಾ? ಈ ಪ್ರಾಯದಲ್ಲಿ ಎಂಥಾ ಸ್ಮಾರ್ಟ್ ಆಂಟಿ ನೀವು.”

ಆ ಹೊಗಳಿಕೆ ಕೇಳಿ ಮೈಗೆ ಕೆಂಡ ತಾಗಿದಂತಾಯಿತು. ಜೀವಮಾನವಿಡೀ ಇದೇ — ಎಂಥಾ ಇಂಗ್ಲಿಷ್, ಎಂಥಾ ಮನಸ್ಸು, ಎಂಥಾ ಸ್ಮಾರ್ಟ್. ನಾನು ಟೀ ಮುಟ್ಟದೆ ಅವಳಿಗೆ ಎಲ್ಲ ಹೇಳಿದೆ. ಅವಳು ಕಪ್ಪು ಹಿಡಿದು ನಿಂತೇ ಕೇಳಿದಳು. ಕೊನೆಗೆ, “ಆ ಹಳೇ ಡಿಸ್ಕ್ ಉಂಟಾ? ಆಗಲೇ ಯಾರಿಗಾದರೂ ತೋರಿಸಿದ್ದರೆ ಸ್ವಲ್ಪವಾದರೂ ಸಿಗ್ತಿತ್ತೇನೋ” ಎಂದಳು. ಗುಜರಿಗೆ ಕೊಟ್ಟೆ ಎಂದೆ. ಅವಳು ಕಪ್ಪು ಕೆಳಗಿಟ್ಟಳು.

“ನನಗೆ ಯಾಕೆ ಹೇಳ್ತೀರಿ ಆಂಟಿ? ಕೇಳಬೇಕಾದವಳು ನಾನಲ್ಲವಲ್ಲ.”

ಮರುದಿನ ಬೆಳಿಗ್ಗೆ ಶಿರ್ವದಲ್ಲಿ ಬಸ್ಸು ಬದಲಿಸಿ ಕಾರ್ಕಳಕ್ಕೆ ಹೋದೆ. ರೆನಿಟಾ ಕಾರಿನಲ್ಲಿ ಬಿಡುತ್ತೇನೆ ಎಂದಿದ್ದಳು, ಬೇಡ ಎಂದೆ. ಪೇಟೆಯಿಂದ ಸ್ವಲ್ಪ ಒಳಗೆ ಚಿಕ್ಕ ಹಂಚಿನ ಮನೆ. ರಶ್ಮಿ ಗೇರುಬೀಜದ ಫ್ಯಾಕ್ಟರಿಗೆ, ಅಳಿಯ ಕೆಲಸಕ್ಕೆ ಹೋಗಿದ್ದರು. ಜಯಂತಿ ಜಗಲಿಯಲ್ಲಿ ಎಲೆ ಹರಡಿದ ಬಿದಿರಿನ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಓ, ಬಾಯಮ್ಮ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ. ಈ ಬಿಸಿಲಲ್ಲಿ ಎಂತಕ್ಕೆ ಬಂದದ್ದು ನೀವು?” ಒಳಗೆ ಹೋಗಿ ನೀರು, ಬೆಲ್ಲ ತಂದಿಟ್ಟಳು. ಮತ್ತೆ ಕೆಲಸಕ್ಕೆ ಕೂತಳು.

ನೀರು ಮುಟ್ಟುವ ಮೊದಲು ಹೇಳಿದೆ. ಬೀಪ್, ಡಿಸ್ಮಿಸ್, ಮಣಿಪಾಲದ ಅಂಗಡಿ, ಗುರುವಾರ, ಶುಕ್ರವಾರ, ಆಲ್ಬಮ್, ಗುಜರಿ, ನಿನ್ನೆ ಅಳಿಸಿದ್ದು. ಅವಳ ಕೈ ನಿಲ್ಲಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತುವುದು, ನೂಲು ಕಟ್ಟುವುದು. ಹೇಳಿ ಮುಗಿಸಿದ ಮೇಲೂ ಎರಡು ಬೀಡಿ ಕಟ್ಟಿದಳು.

“ಹಿಂದಿನ ದಿನವಾ?”

“ಹೌದು. ಗುರುವಾರ.”

“ಗುರುವಾರ ನಾನು ನಿಮಗೆ ಹಲಸಿನ ಹಣ್ಣಿನ ಗಟ್ಟಿ ತಂದುಕೊಟ್ಟಿದ್ದೆ. ಸಾಯಂಕಾಲ. ತಿಂದು, ಚಂದ ಆಗಿದೆ ಅಂದ್ರಿ.”

ನನಗೆ ಅದು ಮರೆತೇ ಹೋಗಿತ್ತು. ಈಗ ನೆನಪಾಯಿತು. ಎರಡು ತಿಂದಿದ್ದೆ.

ನಾನು ಬಾಯಿ ತೆರೆದೆ — ಏನು ಕೇಳಲಿದ್ದೇನೆಂದು ಅವಳಿಗೆ ಗೊತ್ತಾಯಿತು. “ಅದು ಕೇಳ್ಬೇಡಿ. ನೀವು ಕೇಳಿದ್ರೆ ನನಗೆ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಅಭ್ಯಾಸ ಇಲ್ಲ.” ಬೀಡಿಯ ನೂಲು ಬಿಗಿದು ಹೇಳಿದಳು: “ರಶ್ಮಿ ಐದು ವರ್ಷದಲ್ಲಿ ಒಮ್ಮೆ ಸಹ ನನ್ನ ಹತ್ತಿರ ಅಪ್ಪನ ಸುದ್ದಿ ತೆಗೆದವಳಲ್ಲ. ನಾನು ತೆಗೆದರೆ ಎದ್ದು ಹೋಗ್ತಾಳೆ. ಸ್ವರ ಹೋದದ್ದು ಒಂದು. ಇದು ಒಂದು.”

“ನಾನೇ ಅವಳಿಗೆ ಹೇಳ್ತೇನೆ. ಬರುವವರೆಗೆ ಇಲ್ಲೇ ಕೂರ್ತೇನೆ.”

“ಬೇಡ.” ಈಗ ತಲೆ ಎತ್ತಿದಳು. ಅಷ್ಟು ವರ್ಷದಲ್ಲಿ ಅವಳ ಕಣ್ಣಿನಲ್ಲಿ ನಾನು ಕೋಪ ನೋಡಿರಲಿಲ್ಲ. “ಬಾಯಲ್ಲಿ ಹೇಳಿದ್ರೆ ನೀವು ಚಂದ ಮಾಡಿ ಹೇಳ್ತೀರಿ. ಕೇಳಿದವರಿಗೆ ನಿಮ್ಮ ಮೇಲೆಯೇ ಪಾಪ ಕಾಣ್ತದೆ. ಬರೆಯಿರಿ. ಇಂಗ್ಲಿಷಲ್ಲಿ ಅಲ್ಲ, ಅವಳು ಓದುವ ಹಾಗೆ ಕನ್ನಡದಲ್ಲಿ. ನೀವು ಯಾರ್ಯಾರಿಗೆ ನನ್ನ ಹೆಸರು ಹೇಳಿದ್ರಿ, ಅವರೂ ಓದುವ ಹಾಗೆ ಬರೆಯಿರಿ.”

ಅದಕ್ಕೇ ಇದನ್ನು ಬರೆದಿದ್ದೇನೆ. ಚಂದ ಆಗದಂತೆ ನೋಡಿಕೊಂಡಿದ್ದೇನೆ. ಎಲ್ಲಾದರೂ ಆಗಿದ್ದರೆ ಆ ಸಾಲನ್ನು ನಂಬಬೇಡಿ. ರಶ್ಮಿ, ನಿನ್ನ ಅಪ್ಪನ ಸ್ವರವನ್ನು ನಿನ್ನ ಅಮ್ಮ ಕಳೆದದ್ದಲ್ಲ. ಅವಳು ಪ್ಲಗ್ ಎಳೆಯುವಾಗ ಅದು ಹೋಗಿ ಒಂದು ದಿನ ಆಗಿತ್ತು. ಕಳೆದವಳು ನಾನು. ಅವಳು ಓಡಿದ್ದು ಅವನನ್ನು ಉಳಿಸಲಿಕ್ಕೆ. ಶಂಕರಪುರದಲ್ಲಿ, ಚರ್ಚಿನಲ್ಲಿ, ನನ್ನ ಕನಿಕರದ ಕತೆ ಕೇಳಿ ತಲೆದೂಗಿದವರೇ — ನಿಮಗೂ ಹೇಳುತ್ತಿದ್ದೇನೆ. ಎದುರು ಸಿಕ್ಕಾಗ ಇದನ್ನೇ ಕೇಳಿ. ಇದನ್ನೇ ಹೇಳುತ್ತೇನೆ.

ಆ ದಿನ ನಾನು ಎದ್ದು ನಿಂತೆ. ಅವಳು ಕೂರಿ ಎನ್ನಲಿಲ್ಲ. ಮುಟ್ಟದ ನೀರಿನ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಅಂಗಳ ದಾಟಿ ರಸ್ತೆಗೆ ಬಂದಿದ್ದೆ. ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿಸಿತು. ಜಯಂತಿ ಬರಿಗಾಲಲ್ಲಿ ಬರುತ್ತಿದ್ದಳು. ನಾನು ಜಗಲಿಯಲ್ಲಿ ಬಿಟ್ಟುಬಂದಿದ್ದ ಕೊಡೆ ಅವಳ ಕೈಯಲ್ಲಿತ್ತು. ಅದನ್ನು ನನ್ನ ಕೈಗೆ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

“ಬಸ್ಸು ಹನ್ನೆರಡೂವರೆಗೆ. ಬೇಗ ನಡೆಯಿರಿ” ಎಂದಳು.

ತಿರುವಿನಲ್ಲಿ ನಿಂತು ನೋಡಿದೆ. ಅವಳು ಜಗಲಿಗೆ ಮರಳಿ, ಈ ಸಲ ರಸ್ತೆಗೆ ಬೆನ್ನು ಹಾಕಿ ಕೂತಿದ್ದಳು. ಗೆರಸೆಯನ್ನು ತೊಡೆಗೆ ಎಳೆದುಕೊಂಡು, ಎಲೆಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಕತ್ತರಿ ಹಾಕಿದಳು. ಆಮೇಲೆ ನಾನು ಅವಳನ್ನು ನೋಡಿಲ್ಲ.